ಒಪ್ಪಿಕೊಳ್ಳಬೇಕಾದದ್ದು ಯಾರೆದುರು?

ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ ಎಂದು ಆ ರೈತರು ನನ್ನ ಬಳಿ ಬಂದಾಗ ರಾತ್ರಿ ಒಂಬತ್ತಾಗಿತ್ತು. ಹೊರಗೆ ಇನ್ನೂ ಹಲವರು ಕಾಯುತ್ತಿದ್ದರು. ಆಮ್ಲಪಿತ್ತವೆಂದು ಬಗೆದು ಮಾತ್ರೆ ಕೊಟ್ಟು ಕಳುಹಿಸಿದೆ. ಹೃದಯಾಘಾತ ಕೆಲವೊಮ್ಮೆ ಹೊಟ್ಟೆನೋವಿನ ರೂಪದಲ್ಲಿ ಬರುತ್ತದೆಂಬುದು ವೈದ್ಯ ವಿದ್ಯಾರ್ಥಿಗೂ ತಿಳಿದ ಪಾಠ. ಪಕ್ಕದ ಕೋಣೆಯಲ್ಲೇ ಇಸಿಜಿ ಯಂತ್ರವಿತ್ತು. ಬೆಳಗಾಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ‘ಹೃದಯಾಘಾತ, ನಮ್ಮ ಕೈಯಲ್ಲೇನಿದೆ ತಾಯಿ’ ಎಂದು ಅವರ ಪತ್ನಿಗೆ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ವೈದ್ಯರು ಬರೆದ ತಪ್ಪೊಪ್ಪಿಗೆಗಳನ್ನು ನಾನು ಹುಡುಕಿ ಓದತೊಡಗಿದ್ದು ಆ ಬಳಿಕ. ರಷ್ಯಾದ ವೆರೆಸಾಯೆವ್ 1901ರಲ್ಲಿ ತನ್ನ ವೃತ್ತಿಯ ಒಳಗುಟ್ಟುಗಳನ್ನು ಬರೆದಾಗ ಸಹೋದ್ಯೋಗಿಗಳೇ ಕೆರಳಿದರು. ಅಮೆರಿಕದ ಗ್ರಾಮೀಣ ವೈದ್ಯ ಡೇವಿಡ್ ಹಿಲ್ಫಿಕರ್, ಜೀವಂತ ಭ್ರೂಣವನ್ನು ಸತ್ತದ್ದೆಂದು ತಿಳಿದು ತೆಗೆದ ತನ್ನ ಪ್ರಮಾದವನ್ನು 1984ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲೇ ಪ್ರಕಟಿಸಿದರು. ಬ್ರಿಟನ್ನಿನ ನರಶಸ್ತ್ರತಜ್ಞ ಹೆನ್ರಿ ಮಾರ್ಷ್ 2014ರ ‘ಡು ನೋ ಹಾರ್ಮ್’ ಕೃತಿಯಲ್ಲಿ, ತನ್ನ ಕೈಯಿಂದ ಹಾನಿಗೊಳಗಾದ ರೋಗಿಗಳನ್ನು ನೆನೆದಿದ್ದಾರೆ. ಇವನ್ನು ಓದುವಾಗ ನಾನು ಒಂಟಿಯಲ್ಲವೆಂಬ ಸಮಾಧಾನ ದೊರೆಯಿತು. ಆ ಸಮಾಧಾನವನ್ನೇ ಈಗ ಅನುಮಾನಿಸುತ್ತಿದ್ದೇನೆ.

ನಮ್ಮಲ್ಲಿ ವೈದ್ಯರ ಮೌನಕ್ಕೆ ಕಾನೂನಿನ ಭಯ ಕಾರಣವೆನ್ನುತ್ತಾರೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು, ನಿಜ. ಆದರೆ ಅದೇ ನ್ಯಾಯಾಲಯ 2005ರಲ್ಲಿ, ವೈದ್ಯನನ್ನು ಅಪರಾಧಿಯೆನ್ನಲು ಘೋರ ನಿರ್ಲಕ್ಷ್ಯ ಸಾಬೀತಾಗಬೇಕೆಂದೂ ಹೇಳಿತು. ತಪ್ಪು ಬೇರೆ, ಅಪರಾಧ ಬೇರೆ ಎಂಬುದನ್ನು ಕಾನೂನು ಬಲ್ಲದು. ನಮ್ಮನ್ನು ತಡೆಯುವುದು ಬಹುಮಟ್ಟಿಗೆ ಪ್ರತಿಷ್ಠೆ.

ಬರಹಕ್ಕೆ ತನ್ನದೇ ಆದ ಬೆಲೆಯುಂಟು. ಒಬ್ಬ ವೈದ್ಯನ ಎಡವಟ್ಟು ಇನ್ನೊಬ್ಬನನ್ನು ಎಚ್ಚರಿಸುತ್ತದೆ. ಹೊಟ್ಟೆ ಉರಿಯೆಂದು ಬಂದವರ ಇಸಿಜಿ ತೆಗೆಯುವುದನ್ನು ನಾನೀಗ ಮರೆಯುವುದಿಲ್ಲ. ಆದರೆ ರೋಗಿಯ ಗುಟ್ಟು ಕಾಯಲು ಹೆಸರು, ಊರು ಬದಲಿಸಿ ಬರೆದಾಗ, ತಿಳಿಯಲೇಬೇಕಾದವರಿಗೇ ಅದು ತಮ್ಮ ಕಥೆಯೆಂದು ತಿಳಿಯದೆ ಹೋಗಬಹುದು. ಪ್ರಾಮಾಣಿಕ ವೈದ್ಯನೆಂದು ಓದುಗರು ಮೆಚ್ಚುತ್ತಾರೆ. ಕ್ಷಮಿಸುವ ಅಥವಾ ಕ್ಷಮಿಸದಿರುವ ಹಕ್ಕುಳ್ಳವರು ಮಾತ್ರ ಆ ಓದುಗರಲ್ಲ.

ಆಸ್ಪತ್ರೆಗಳ ಸಾವಿನ ಪರಾಮರ್ಶೆ ಸಭೆಗಳಲ್ಲಿ ನಾವು ವೈದ್ಯರು ನಮ್ಮ ನಮ್ಮೊಳಗೆ ತಪ್ಪುಗಳನ್ನು ಚರ್ಚಿಸುತ್ತೇವೆ. ಅಲ್ಲಿ ತಿಳಿದದ್ದನ್ನು ಕುಟುಂಬದವರನ್ನು ಕೂರಿಸಿಕೊಂಡು ಹೇಳುವುದೂ ಚಿಕಿತ್ಸೆಯ ಭಾಗವಾಗಬೇಕು. ಅದನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಕಲಿಸಬೇಕು.

ಈ ಲೇಖನದಲ್ಲೂ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹಾಗಾಗಿ ಇದನ್ನು ನನ್ನ ತಪ್ಪೊಪ್ಪಿಗೆಯೆಂದು ಎಣಿಸುವುದಿಲ್ಲ. ಆ ತಾಯಿ ಈಗಲೂ ಅದೇ ಊರಿನಲ್ಲಿದ್ದಾರೆ. ಈ ಭಾನುವಾರ ಅಲ್ಲಿಗೆ ಹೊರಟಿದ್ದೇನೆ.