ಶಾಲೆಯ ಅಂಕಿ, ಕನ್ನಡದ ಅಕ್ಷರ: ಪ್ರಾಥಮಿಕ ಹಂತದ ಓದಿನ ಪರೀಕ್ಷೆಗಳನ್ನು ಕುರಿತು

‘ಈ ಶಾಲೆಯ ಮೂರನೆಯ ತರಗತಿಯಲ್ಲಿ ಶೇಕಡಾ ಇಷ್ಟು ಮಕ್ಕಳು ಮಾತ್ರ ಎರಡನೆಯ ತರಗತಿಯ ಪಾಠವನ್ನು ಓದಬಲ್ಲರು’ ಎಂಬ ಬಗೆಯ ವಾಕ್ಯ ಶೈಕ್ಷಣಿಕ ವರದಿಗಳಿಂದ ಸಂಶೋಧನ ಪ್ರಬಂಧಗಳಿಗೂ ಹರಿದುಬಂದಿದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳನ್ನೋ ಅಕ್ಕಲಕೋಟೆ, ಜತ್ತ, ಕಾಸರಗೋಡುಗಳ ಕನ್ನಡ ಮಾಧ್ಯಮದ ಶಾಲೆಗಳನ್ನೋ ಅಭ್ಯಾಸ ಮಾಡುವವರಿಗೆ ಇಂಥ ಅಂಕಿ ಸುಲಭವಾಗಿ ಕೈಗೆಟಕುವ ಆಧಾರ. ಮಕ್ಕಳ ಸಂಖ್ಯೆ ಇಳಿದು ಶಾಲೆಯ ಉಳಿವೇ ಪ್ರಶ್ನೆಯಾಗಿರುವ ಕಡೆ ಅದು ಶಾಲೆಯ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷ್ಯವಾಗಿಯೂ ನಿಲ್ಲುತ್ತದೆ. ಆ ಸಾಕ್ಷ್ಯ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಥಮಿಕ ಹಂತದ ಮಕ್ಕಳು ಕಲಿಯಲೇಬೇಕಾದುದು ಇಷ್ಟು ಎಂದು ಗೊತ್ತುಪಡಿಸುವ ಪ್ರಯತ್ನ ನಮ್ಮಲ್ಲಿ 1991ರ ‘ಕನಿಷ್ಠ ಕಲಿಕಾ ಮಟ್ಟ’ಗಳ ವರದಿಯಿಂದ ಸ್ಪಷ್ಟ ರೂಪ ಪಡೆಯಿತು. 2005ರಲ್ಲಿ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ ಆರಂಭವಾಯಿತು. ರಾಷ್ಟ್ರೀಯ ಸಾಧನಾ ಸಮೀಕ್ಷೆ 2021ರ ನವೆಂಬರಿನಲ್ಲಿ 3, 5, 8 ಮತ್ತು 10ನೆಯ ತರಗತಿಗಳಲ್ಲಿ ನಡೆಯಿತು. ಇವೆರಡೂ ಮಾದರಿ ಸಮೀಕ್ಷೆಗಳೆಂಬುದನ್ನು ಮರೆಯಬಾರದು. ರಾಷ್ಟ್ರೀಯ ಸಮೀಕ್ಷೆ ಆಯ್ದ ಶಾಲೆಗಳ ಆಯ್ದ ಮಕ್ಕಳಿಂದ ಜಿಲ್ಲೆಯ ಚಿತ್ರವನ್ನು ಕಟ್ಟುತ್ತದೆ. ಅಸರ್ ಗ್ರಾಮೀಣ ಭಾರತದ ಮನೆಗಳಿಗೆ ಹೋಗಿ ಮಕ್ಕಳನ್ನು ಓದಿಸುತ್ತದೆ. ಆದ್ದರಿಂದ ಮುಂಬಯಿ, ಹೈದರಾಬಾದು ನಗರಗಳ ಕನ್ನಡ ಮಕ್ಕಳು ಅದರ ವ್ಯಾಪ್ತಿಗೇ ಬರುವುದಿಲ್ಲ. 2024ರ ಅಸರ್ ವರದಿಯಂತೆ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಶೇಕಡಾ 23.4. ಈ ಅಂಕಿಯನ್ನು ಅಳತೆಗೋಲಾಗಿ ಹಿಡಿದು ಒಂದು ನಗರದ ಒಂದು ಶಾಲೆಯನ್ನು ತೂಗುವುದಕ್ಕೆ ಶಾಸ್ತ್ರೀಯ ಸಮರ್ಥನೆ ಇಲ್ಲ.

ಆದರೂ ಅಸರ್‌ನ ಓದಿನ ಪರೀಕ್ಷೆ ಒಂದೇ ಹಾಳೆಯದು, ಸರಳವಾದುದು. ಆದಕಾರಣ ಶಾಲೆಗಳ ಒಳಗೂ ಅದನ್ನು ಬಳಸುವ ಆಸೆ ಸಹಜ. ಅದರಲ್ಲಿ ನಾಲ್ಕು ಮೆಟ್ಟಿಲುಗಳಿವೆ: ಬಿಡಿ ಅಕ್ಷರ, ಸರಳ ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯಗಳು, ಎರಡನೆಯ ತರಗತಿಯ ಮಟ್ಟದ ಒಂದು ಸಣ್ಣ ಕಥೆ. ಮಗು ಎಡವದೆ ಏರಿದ ಅತ್ಯಂತ ಮೇಲಿನ ಮೆಟ್ಟಿಲೇ ಅದರ ಮಟ್ಟ. ದೇಶದ ಎಲ್ಲ ಭಾಷೆಗಳಿಗೂ ಒಂದೇ ಏಣಿ. ಇಲ್ಲಿಯೇ ಕನ್ನಡದ ವಿಚಾರ ಬರುತ್ತದೆ.

ಶಾಲೆಯಲ್ಲಿ ಕಲಿಸುವ ವರ್ಣಮಾಲೆಯಲ್ಲಿ 13 ಸ್ವರ, 34 ವ್ಯಂಜನ, 2 ಯೋಗವಾಹ, ಒಟ್ಟು 49 ಅಕ್ಷರಗಳು. ಇವನ್ನು ಗುರುತಿಸುವ ಮಗು ಮೊದಲ ಮೆಟ್ಟಿಲನ್ನು ಏರಿತು. ಆದರೆ 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದಾಗ ಕಣ್ಣಿಗೆ ಬೀಳುವ ರೂಪಗಳು 442. ‘ಕೊಡು’ ಮತ್ತು ‘ಕೋಡು’ ಇವುಗಳ ನಡುವೆ ಇರುವುದು ಒಂದು ದೀರ್ಘದ ಗುರುತು ಮಾತ್ರ. ಅರ್ಥದಲ್ಲಿ ಮಾತ್ರ ಅಜಗಜಾಂತರ. ಬಳಿಕ ಒತ್ತಕ್ಷರಗಳು. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ಅಕ್ಷರದ ರೂಪವನ್ನೇ ಬಿಟ್ಟುಕೊಡುತ್ತವೆ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಬರೆಯುವುದು ಕೊನೆಗೆ. ಅಕ್ಷರದ ಮೆಟ್ಟಿಲಿಗೂ ಪದದ ಮೆಟ್ಟಿಲಿಗೂ ನಡುವೆ ಹೀಗೆ ಇಡೀ ಕಾಗುಣಿತದ ಬಯಲೇ ಇದೆ; ಏಣಿ ಅದನ್ನು ಒಂದೇ ಹೆಜ್ಜೆಯೆಂದು ಎಣಿಸುತ್ತದೆ. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ತೋರಿಸಿದೆ. ಕೆಲವೇ ಲಿಪಿಚಿಹ್ನೆಗಳಿರುವ ಭಾಷೆಗಳ ಕಾಲಮಾನವನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸುವುದು ಎಷ್ಟು ಅಪಾಯಕರವೆಂಬುದು ಇದರಿಂದ ವಿದಿತವಾಗುತ್ತದೆ. ಎರಡು ಮಕ್ಕಳು ‘ಅಕ್ಷರ’ ಮಟ್ಟದಲ್ಲಿದ್ದಾರೆ ಎಂದಾಗ, ಒಬ್ಬಳು ಮೂಲಾಕ್ಷರವನ್ನಷ್ಟೇ ಬಲ್ಲವಳಾಗಿರಬಹುದು, ಇನ್ನೊಬ್ಬಳು ಗುಣಿತವನ್ನೆಲ್ಲ ಬಲ್ಲವಳಾಗಿದ್ದು ಪದವನ್ನು ಸರಾಗವಾಗಿ ಕೂಡಿಸಲಾರದವಳಾಗಿರಬಹುದು. ಇಬ್ಬರಿಗೂ ಬೇಕಾದ ಪಾಠ ಬೇರೆ. ಪಟ್ಟಿಯಲ್ಲಿ ಇಬ್ಬರೂ ಒಂದೇ.

ಕಲಿಸುವ ಕ್ರಮವೂ ಫಲಿತಾಂಶದೊಳಗೆ ಸೇರಿರುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊದಲಾದ ‘ನಲಿ-ಕಲಿ’ ಪದ್ಧತಿ ಅ ಆ ಇ ಈ ಎಂಬ ಸಾಂಪ್ರದಾಯಿಕ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಇವುಗಳಿಂದ ಹೊರಡುತ್ತದೆ. ಈ ಐದರಿಂದಲೇ ಸರ, ಅರಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ಈ ಕ್ರಮದಲ್ಲಿ ಕಲಿತ ಮಗುವಿಗೂ ವರ್ಣಮಾಲೆಯ ಕ್ರಮದಲ್ಲಿ ಕಲಿತ ಹೊರನಾಡಿನ ಮಗುವಿಗೂ ವರ್ಷದ ನಡುವೆ ಒಂದೇ ಹಾಳೆಯನ್ನು ಕೊಟ್ಟು ಹೋಲಿಸಿದರೆ, ಆ ಹೋಲಿಕೆ ಮಕ್ಕಳದ್ದಾಗಿರದೆ ಪಾಠಕ್ರಮದ್ದಾಗಿರುತ್ತದೆ.

ಇನ್ನು ಉಚ್ಚಾರಣೆಯ ಮಾತು. ಹಾಳೆಯಲ್ಲಿ ‘ಹೋಗುತ್ತಾನೆ’ ಎಂದಿರುವುದನ್ನು ಅಕ್ಕಲಕೋಟೆ ಕಡೆಯ ಮಗು ‘ಹೋಗ್ತಾನ’ ಎಂದು ಓದಿದರೆ ಅದು ತಪ್ಪೋ ಸರಿಯೋ? ಮಗು ಬರಹವನ್ನು ಗ್ರಹಿಸಿ ತನ್ನ ಮನೆಮಾತಿಗೆ ತಿರುಗಿಸಿಕೊಂಡಿದೆ. ಓದಿನ ದೃಷ್ಟಿಯಿಂದ ಇದು ಗೆಲುವೇ ಸರಿ. ಆದರೆ ಶಿಷ್ಟ ಕನ್ನಡಕ್ಕೆ ಒಗ್ಗಿದ ಪರೀಕ್ಷಕ ಕೆಂಪು ಗೆರೆ ಎಳೆಯುವ ಸಂಭವ ಉಂಟು. ತುಳುವನ್ನೋ ಲಂಬಾಣಿಯನ್ನೋ ಮನೆಯಲ್ಲಿ ಆಡುವ ಮಗುವಿನ ತೊಡಕು ಬೇರೆ: ಅಕ್ಷರವನ್ನು ಸರಿಯಾಗಿ ಉಚ್ಚರಿಸಿಯೂ ಅದು ಅರ್ಥದ ಬಳಿ ನಿಂತುಬಿಡಬಹುದು. ಇಂಥ ಓದನ್ನು ಹೇಗೆ ಎಣಿಸಬೇಕೆಂಬುದನ್ನು ಪರೀಕ್ಷೆಗೆ ಮೊದಲೇ ಬರೆದಿಡದಿದ್ದರೆ, ಇಬ್ಬರು ಪರೀಕ್ಷಕರ ನಡುವಿನ ವ್ಯತ್ಯಾಸವೇ ಎರಡು ಶಾಲೆಗಳ ನಡುವಿನ ವ್ಯತ್ಯಾಸವಾಗಿ ಅಚ್ಚಾಗುತ್ತದೆ.

ಹೊರನಾಡಿನ ಶಾಲೆಗಳಿಗೆ ಇವೆಲ್ಲಕ್ಕಿಂತ ಭಾರವಾದುದು ಸಂಖ್ಯೆಯ ಪ್ರಶ್ನೆ. ತರಗತಿಯಲ್ಲಿ 12 ಮಕ್ಕಳಿದ್ದರೆ ಒಂದು ಮಗುವಿನ ಜ್ವರ ಶಾಲೆಯ ಅಂಕಿಯನ್ನು ಶೇಕಡಾ 8ರಷ್ಟು ಅಲುಗಿಸುತ್ತದೆ. ಅರ್ಧದಷ್ಟು ಮಕ್ಕಳು ಓದಬಲ್ಲ ಒಂದು ಸಮುದಾಯದಿಂದ ಪ್ರತಿವರ್ಷವೂ 12 ಮಕ್ಕಳು ಬರುತ್ತಾರೆಂದು ಭಾವಿಸೋಣ. ಕೇವಲ ಆಕಸ್ಮಿಕದಿಂದಲೇ ಒಂದು ವರ್ಷ 3 ಮಕ್ಕಳು, ಮತ್ತೊಂದು ವರ್ಷ 9 ಮಕ್ಕಳು ಓದಬಲ್ಲವರಾಗಿ ಕಾಣಬಹುದು. ಅಂದರೆ ಬೋಧನೆ ಕಿಂಚಿತ್ತೂ ಬದಲಾಗದೆ ಶೇಕಡಾ 25ರಿಂದ 75. ಮೊದಲನೆಯ ವರ್ಷ ಮುಖ್ಯೋಪಾಧ್ಯಾಯರಿಗೆ ನೋಟೀಸು, ಎರಡನೆಯ ವರ್ಷ ಶಾಲು-ಹಾರ! ಅಮೆರಿಕದ ಉತ್ತರ ಕೆರೊಲಿನ ರಾಜ್ಯದ ಫಲಿತಾಂಶಗಳನ್ನು ಪರಿಶೀಲಿಸಿ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ 2002ರಲ್ಲಿ ಇದೇ ಅಂಶವನ್ನು ಎತ್ತಿ ತೋರಿಸಿದರು. ಪಟ್ಟಿಯ ತುದಿಯಲ್ಲೂ ತಳದಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣಸಿಗುತ್ತಿದ್ದುವು. ಅದೇ ವರ್ಷ ಆ ದೇಶದಲ್ಲಿ ಜಾರಿಗೆ ಬಂದ ಕಾಯಿದೆ 3ರಿಂದ 8ನೆಯ ತರಗತಿಯವರೆಗೆ ವಾರ್ಷಿಕ ಪರೀಕ್ಷೆಗಳನ್ನು ಕಡ್ಡಾಯಗೊಳಿಸಿ, ನಿಗದಿತ ಪ್ರಗತಿ ತೋರದ ಶಾಲೆಗಳ ಮೇಲೆ ಕ್ರಮಕ್ಕೆ ಅವಕಾಶ ಮಾಡಿಕೊಟ್ಟಿತು. 2015ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಕಾಯಿದೆ ಬಂತು.

ಪರೀಕ್ಷೆಗಳೇ ನಿರುಪಯುಕ್ತವೆಂದು ಇದರಿಂದ ತೀರ್ಮಾನಿಸಲಾಗದು. ಒಂದು ಶಾಲೆಯನ್ನು ಕುರಿತು ಬರೆಯುವ ಸಂಶೋಧಕರು ಶೇಕಡಾವಾರಿಗೆ ಬದಲಾಗಿ ಮಕ್ಕಳ ಎಣಿಕೆಯನ್ನೇ ಕೊಡುವುದು, ಮೂರು ವರ್ಷಗಳ ಫಲಿತಾಂಶವನ್ನು ಒಟ್ಟುಗೂಡಿಸುವುದು, ಪರೀಕ್ಷೆಯ ದಿನ ಗೈರುಹಾಜರಾದವರನ್ನು ನಮೂದಿಸುವುದು ಮೊದಲ ಕೆಲಸ. ಎರಡನೆಯದು ಹೆಚ್ಚು ಫಲಕಾರಿ: ಮಗು ಎಡವಿದ ಪ್ರತಿಯೊಂದು ಅಕ್ಷರವನ್ನೂ ಬರೆದಿಟ್ಟುಕೊಂಡು, ತಪ್ಪು ಮೂಲಾಕ್ಷರದ್ದೋ, ದೀರ್ಘದ್ದೋ, ಒತ್ತಿನದ್ದೋ ಎಂದು ವಿಂಗಡಿಸುವುದು. ಹನ್ನೆರಡು ಮಕ್ಕಳ ತರಗತಿಯಲ್ಲಿ ಇದಕ್ಕೆ ಒಂದು ಬೆಳಗಿನ ಅವಧಿ ಸಾಕು. ಆ ಪಟ್ಟಿಯನ್ನು ಅಧ್ಯಾಪಕರ ಕೈಗೆ ಕೊಟ್ಟರೆ ಮರುದಿನದ ಪಾಠಕ್ಕೇ ಅದು ಒದಗುತ್ತದೆ.