ನೆತ್ತರು ತಡೆಯುವುದನ್ನು ಕೈ ಕಲಿಯಬೇಕು

ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ಅದರಲ್ಲಿ 2 ಲೀಟರಿನಷ್ಟು ಹರಿದುಹೋದರೆ ಜೀವ ಉಳಿಸಿಕೊಳ್ಳುವುದೇ ಕಷ್ಟ. ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ಅಷ್ಟು ರಕ್ತ ಹೋಗಲು ಐದು ನಿಮಿಷವೂ ಬೇಕಿಲ್ಲ. ಅಪಘಾತವಾದ ಮೊದಲ ಒಂದು ಗಂಟೆಯನ್ನು ನಾವು ‘ಗೋಲ್ಡನ್ ಅವರ್’ ಎನ್ನುತ್ತೇವೆ. ಅಷ್ಟರೊಳಗೆ ಆಸ್ಪತ್ರೆಗೆ ಮುಟ್ಟಿಸಿದರೆ ಸಾಕು ಎಂದುಕೊಳ್ಳುತ್ತೇವೆ. ರಕ್ತ ಚಿಮ್ಮುತ್ತಿರುವ ಗಾಯಾಳುವಿಗೆ ಈ ಲೆಕ್ಕ ಹೊಂದುವುದಿಲ್ಲ. 108ಕ್ಕೆ ಕರೆ ಮಾಡಲೇಬೇಕು, ಆದರೆ ಆಂಬುಲೆನ್ಸ್ ಎಷ್ಟೇ ಬೇಗ ಹೊರಟರೂ ದಾರಿ ಸವೆಸಲೇಬೇಕಲ್ಲ. ಆ ನಡುವಿನ ನಿಮಿಷಗಳು ಪಕ್ಕದಲ್ಲಿ ನಿಂತವರ ಕೈಯಲ್ಲಿವೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇವರೆಲ್ಲರೂ ರಕ್ತಸ್ರಾವದಿಂದಲೇ ಸತ್ತವರಲ್ಲ, ನಿಜ. ಆದರೂ ಗಾಯದಿಂದಾಗುವ ಸಾವುಗಳಲ್ಲಿ ಸ್ಥಳದಲ್ಲೇ ತಡೆಯಬಹುದಾದ ಮುಖ್ಯ ಕಾರಣ ಯಾವುದೆಂದರೆ, ಅದು ರಕ್ತಸ್ರಾವವೇ.

ಈ ಮಾತಿಗೆ ಬಲವಾದ ಪುರಾವೆ ಸಿಕ್ಕಿದ್ದು ಯುದ್ಧಭೂಮಿಯಲ್ಲಿ. 2001ರಿಂದ 2011ರವರೆಗೆ ಇರಾಕ್, ಅಫ್ಘಾನಿಸ್ತಾನಗಳಲ್ಲಿ ಗಾಯಗೊಂಡು ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ವೈದ್ಯರು ಪರಿಶೀಲಿಸಿದರು. ನೂರಕ್ಕೆ ಸುಮಾರು 87 ಮಂದಿ ಆಸ್ಪತ್ರೆ ತಲುಪುವ ಮೊದಲೇ ಸತ್ತಿದ್ದರು. ಅವರಲ್ಲಿ ಕಾಲು ಭಾಗದಷ್ಟು ಮಂದಿ ಬದುಕಬಹುದಾಗಿತ್ತು, ಮತ್ತು ಹಾಗೆ ಬದುಕಬಹುದಾಗಿದ್ದ ಹತ್ತರಲ್ಲಿ ಒಂಬತ್ತು ಮಂದಿಯನ್ನು ಕೊಂದದ್ದು ರಕ್ತಸ್ರಾವ. 2012ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಯಾದ ಮೇಲೆ, ಶಸ್ತ್ರವೈದ್ಯ ಲೆನ್‌ವರ್ತ್ ಜೇಕಬ್ಸ್ ಅವರ ಮುಂದಾಳತ್ವದಲ್ಲಿ ತಜ್ಞರು ಹಾರ್ಟ್‌ಫರ್ಡ್ ನಗರದಲ್ಲಿ ಸೇರಿ, ಸೇನೆಯ ಈ ಪಾಠ ಜನಸಾಮಾನ್ಯರಿಗೂ ತಲುಪಬೇಕೆಂದು ತೀರ್ಮಾನಿಸಿದರು. 2013ರ ಏಪ್ರಿಲಿನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸಿಡಿದಾಗ ದಾರಿಹೋಕರು ಬೆಲ್ಟ್, ಬಟ್ಟೆಗಳಿಂದಲೇ ಗಾಯಾಳುಗಳ ಕಾಲು ಬಿಗಿದರು. 2015ರಲ್ಲಿ ‘ಸ್ಟಾಪ್ ದ ಬ್ಲೀಡ್’ ಅಭಿಯಾನ ಶುರುವಾಯಿತು.

ಅಲ್ಲಿ ಕಲಿಸುವುದು ಮೂರೇ ಕೆಲಸ. ಒಂದು, ಒತ್ತುವುದು: ಗಾಯದ ಮೇಲೆ ಶುಭ್ರವಾದ ಬಟ್ಟೆ ಇಟ್ಟು, ಎರಡೂ ಕೈ ಒಂದರ ಮೇಲೊಂದು ಊರಿ, ಮೊಣಕೈ ಮಡಿಸದೆ ಮೈಭಾರವನ್ನೆಲ್ಲ ಬಿಡಬೇಕು, ನಿಂತಿತೇ ಎಂದು ನಡುನಡುವೆ ಎತ್ತಿ ನೋಡಬಾರದು. ಎರಡು, ತುಂಬುವುದು: ತೊಡೆಸಂದಿ, ಕಂಕುಳು, ಭುಜದಂಥ ಕಡೆ ಗಾಯ ಆಳವಾಗಿದ್ದರೆ ಬಟ್ಟೆಯನ್ನು ತಳದವರೆಗೂ ತುರುಕಿ, ಆಮೇಲೆ ಒತ್ತಬೇಕು. ಮೂರು, ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಟೂರ್ನಿಕೆಟ್ ಎಂಬ ಬಿಗಿಪಟ್ಟಿಯನ್ನು ಗಾಯಕ್ಕಿಂತ ಎರಡು-ಮೂರು ಇಂಚು ಮೇಲೆ, ಕೀಲು ಬಿಟ್ಟು ಕಟ್ಟಿ, ಅದರ ಕಡ್ಡಿಯನ್ನು ರಕ್ತ ಪೂರ್ತಿ ನಿಲ್ಲುವವರೆಗೂ ತಿರುಚಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಗಾಯಾಳು ನೋವಿನಿಂದ ಕಿರುಚಿದರೂ ಸಡಿಲಿಸಬಾರದು. ಸಾಮಾನ್ಯರು ತಪ್ಪುವುದು ಇಲ್ಲಿಯೇ. ಅರೆಬರೆ ಬಿಗಿದರೆ ಹೃದಯಕ್ಕೆ ಮರಳುವ ರಕ್ತವಷ್ಟೇ ನಿಂತು, ಹೃದಯದಿಂದ ಬರುವ ರಕ್ತ ಸುರಿಯುತ್ತಲೇ ಇರುತ್ತದೆ. ಸ್ರಾವ ಇನ್ನೂ ಹೆಚ್ಚಬಹುದು.

ಹಾಗಾದರೆ ಇದನ್ನೆಲ್ಲ ಭಿತ್ತಿಪತ್ರದಲ್ಲಿ ಬರೆದು ಅಂಟಿಸಿದರೆ ಸಾಲದೇ? ಸಾಲದು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಕ್ರೀಡಾಂಗಣವೊಂದರ 465 ಸಿಬ್ಬಂದಿಯನ್ನು ಪರೀಕ್ಷಿಸಿದರು. ಏನೂ ಹೇಳಿಕೊಡದವರಲ್ಲಿ ಟೂರ್ನಿಕೆಟ್ ಸರಿಯಾಗಿ ಕಟ್ಟಿದವರು ನೂರಕ್ಕೆ 16. ಚಿತ್ರಸಹಿತ ಸೂಚನೆಯ ಕಾರ್ಡ್ ಕೊಟ್ಟಾಗ 20. ಎದುರಿಗೆ ನಿಂತು ಕಲಿಸಿ, ಕೈಯಿಂದ ಮಾಡಿಸಿದಾಗ 88! ಈಜು ಪುಸ್ತಕ ಓದಿ ಬರುವುದಿಲ್ಲ, ಇದೂ ಹಾಗೆಯೇ. ನಮ್ಮ ಜನರಲ್ಲಿ ಕನಿಕರಕ್ಕೇನೂ ಕೊರತೆಯಿಲ್ಲ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತುವವರು, ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಹಾಕುವವರು, ರಕ್ತ ಸುರಿಯುತ್ತಿರುವಾಗಲೇ ಆಟೋದಲ್ಲಿ ಮಲಗಿಸಿಕೊಂಡು ಓಡುವವರು ಎಲ್ಲರೂ ಒಳ್ಳೆಯ ಮನಸ್ಸಿನವರೇ. ಆ ಮನಸ್ಸಿಗೆ ತಕ್ಕ ಕೌಶಲವನ್ನು ನಾವು ಅವರ ಕೈಗೆ ಕೊಟ್ಟಿಲ್ಲ.

ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಟೂರ್ನಿಕೆಟ್ ಕಟ್ಟಿದರೆ ಕೈಕಾಲು ಹೋಗುತ್ತದೆ ಎಂಬ ಭಯ ಹಳೆಯದು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎರಡು ಗಂಟೆಯವರೆಗೂ ಅದನ್ನು ಬಿಗಿದಿಡುವುದು ರೂಢಿ. ಬಾಗ್ದಾದಿನ ಸೇನಾ ಆಸ್ಪತ್ರೆಯಲ್ಲಿ 232 ಗಾಯಾಳುಗಳನ್ನು ಗಮನಿಸಿದಾಗ ಕೇವಲ ಟೂರ್ನಿಕೆಟ್‌ನಿಂದಾಗಿ ಅಂಗ ಕಳೆದುಕೊಂಡವರು ಒಬ್ಬರೂ ಇರಲಿಲ್ಲ. ರಕ್ತ ಮುಟ್ಟಿದರೆ ಸೋಂಕು ತಗಲೀತು ಎಂಬುದು ಇನ್ನೊಂದು ಹಿಂಜರಿಕೆ. ಗಾಯವಿಲ್ಲದ ಚರ್ಮದ ಮೂಲಕ ಸೋಂಕು ತಗಲುವ ಸಾಧ್ಯತೆ ತೀರಾ ಕಡಿಮೆ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಆಮೇಲೆ ಸೋಪಿನಿಂದ ತೊಳೆದುಕೊಳ್ಳಬಹುದು. ಪೊಲೀಸು, ಕೋರ್ಟು ಎಂಬ ಅಂಜಿಕೆಗೆ 2016ರಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ನೆರವಿಗೆ ಬಂದವರಿಗೆ ರಕ್ಷಣೆ ನೀಡುವ 134ಎ ಕಲಮನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾಗಿದೆ. ಎಲ್ಲಕ್ಕಿಂತ ತೂಕದ ಆಕ್ಷೇಪವೆಂದರೆ, ಕಲಿತದ್ದು ಮರೆತುಹೋಗುತ್ತದೆ ಎಂಬುದು. ಅದೇ ಕ್ರೀಡಾಂಗಣದ ಸಿಬ್ಬಂದಿಯನ್ನು ಮೂರರಿಂದ ಒಂಬತ್ತು ತಿಂಗಳ ನಂತರ ಪರೀಕ್ಷಿಸಿದಾಗ ಸರಿಯಾಗಿ ಕಟ್ಟಿದವರು ನೂರಕ್ಕೆ 55 ಮಾತ್ರ. ತರಬೇತಿ ವ್ಯರ್ಥ ಎಂದು ಇದರ ಅರ್ಥವಲ್ಲ, ಏನೂ ಕಲಿಯದವರಿಗಿಂತ ಅದು ಮೂರು ಪಟ್ಟು. ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿಸಬೇಕೆಂಬುದೇ ಇದರಿಂದ ಕಲಿಯಬೇಕಾದ ಪಾಠ.

ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ಡ್ರೈವಿಂಗ್ ಲೈಸೆನ್ಸ್ ಕೊಡುವ ಮುನ್ನ ಒಂದು ಗಂಟೆ ಈ ಅಭ್ಯಾಸ ಮಾಡಿಸಬಹುದು. ಬಸ್ಸಿನ ಚಾಲಕ-ನಿರ್ವಾಹಕರು, ಹೆದ್ದಾರಿ ಬದಿಯ ಹೋಟೆಲಿನವರು, ಆಟೋ ಓಡಿಸುವವರು, ಎನ್‌ಸಿಸಿ ವಿದ್ಯಾರ್ಥಿಗಳು, ಕಬ್ಬು ಕಡಿಯುವ ಮತ್ತು ಮೇವು ಕತ್ತರಿಸುವ ಯಂತ್ರದ ಬಳಿ ದುಡಿಯುವವರಿಂದ ಆರಂಭಿಸಿದರೆ, ಗಾಯವಾಗುವ ಜಾಗದಲ್ಲೇ ಕಲಿತ ಕೈಗಳಿರುತ್ತವೆ. ಸರ್ಕಾರ ಆಂಬುಲೆನ್ಸುಗಳನ್ನು ಹೆಚ್ಚಿಸಲಿ, ಅದು ಬೇಕೇ ಬೇಕು. ಆದರೆ ಅವು ಬರುವವರೆಗೆ ಗಾಯಾಳುವನ್ನು ಉಳಿಸಿಕೊಳ್ಳುವ ವಿದ್ಯೆ ಒಂದು ಗಂಟೆಯಲ್ಲಿ ಕಲಿಯುವಂಥದ್ದು. ಅಷ್ಟು ಅಗ್ಗದ ವಿದ್ಯೆಯನ್ನು ಕಲಿಸದೆ ಉಳಿದದ್ದಕ್ಕೆ ನಾವು ಜೀವಗಳ ಬೆಲೆ ತೆರುತ್ತಿದ್ದೇವೆ.