ಮುಪ್ಪಿಗೆ ಮದ್ದುಂಟೆ?

ಎರಡು ವರ್ಷಗಳ ಹಿಂದೆ ನಮ್ಮೂರಿನ ಸಾಹಿತ್ಯ ಸಂಘದವರು ಪಂಪನನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದ ವಿಷಯ; ಟಿಪ್ಪಣಿಯ ಹಾಳೆಯನ್ನೂ ಒಯ್ದಿರಲಿಲ್ಲ. ಮಾತಿನ ನಡುವೆ ಕವಿಯ ಆಶ್ರಯದಾತನ ಪ್ರಸ್ತಾಪ ಬಂತು. "ವೇಮುಲವಾಡದ ಚಾಲುಕ್ಯ ದೊರೆ" ಎಂದವನು ಅಲ್ಲಿಯೇ ನಿಂತುಬಿಟ್ಟೆ. ಹೆಸರು ಬರಲಿಲ್ಲ. ನಾಲಗೆಯ ತುದಿಯಲ್ಲಿದೆ ಎನ್ನುತ್ತಾರಲ್ಲ, ಅಲ್ಲಿಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮೆಲ್ಲನೆ "ಅರಿಕೇಸರಿ, ಸಾರ್" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆ ರಾತ್ರಿ ಮಾತ್ರ ನಿದ್ದೆ ಹತ್ತಲಿಲ್ಲ. ನನಗೆ ಹಳಗನ್ನಡ ಕಲಿಸಿದ ಗುರುಗಳು ತಮ್ಮ ಕೊನೆಯ ನಾಲ್ಕು ವರ್ಷಗಳನ್ನು ಹೆತ್ತ ಮಗನನ್ನೇ ಗುರುತಿಸಲಾರದೆ ಕಳೆದುದನ್ನು ಕಣ್ಣಾರೆ ಕಂಡವನು ನಾನು.

ಅಂದಿನಿಂದ ನಾನು ಜಾಹೀರಾತುಗಳನ್ನು ಓದತೊಡಗಿದೆ. ಮುಪ್ಪನ್ನು ಹಿಂದಕ್ಕಟ್ಟುವ, ಸ್ಮರಣಶಕ್ತಿಯನ್ನು ಇಮ್ಮಡಿಗೊಳಿಸುವ ಮಾತ್ರೆಗಳು ಎಷ್ಟಿವೆಯೆಂಬುದು ಆಗ ತಿಳಿಯಿತು. ತಿಂಗಳಿಗೆ ಎರಡು ಸಾವಿರ ರೂಪಾಯಿ ಬೆಲೆಯ ಒಂದು ಸೀಸೆಯನ್ನು ಮನೆಯವರಿಗೆ ತಿಳಿಯದಂತೆ ತರಿಸಿದೆ. ಮೊದಲ ವಾರದಲ್ಲಿಯೇ ಬುದ್ಧಿ ಚುರುಕಾದಂತೆ ತೋರಿತು! ಬೆಳಗಿನ ಪದಬಂಧವನ್ನು ಕಾಫಿ ಆರುವ ಮೊದಲೇ ಮುಗಿಸಿದೆ. ಮೂರನೆಯ ತಿಂಗಳಿಗೆ ಎಲ್ಲ ಹಿಂದಿನಂತೆಯೇ ಆಯಿತು.

ಈ ಅನುಭವ ನನಗಿಂತ ಬಹಳ ದೊಡ್ಡವರಿಗೂ ಆಗಿದೆ. 1889ರ ಜೂನ್ ಒಂದರಂದು ಪ್ಯಾರಿಸ್ಸಿನ ವಿದ್ವತ್ಸಭೆಯೊಂದರಲ್ಲಿ ಬ್ರೌನ್ ಸೆಕಾರ್ ಎಂಬ ಪ್ರಖ್ಯಾತ ಶರೀರಶಾಸ್ತ್ರಜ್ಞರು ಎದ್ದು ನಿಂತರು. ಅವರಿಗೆ ಆಗ 72 ವರ್ಷ. ನಾಯಿ ಮತ್ತು ಗಿನಿಪಿಗ್ಗುಗಳ ವೃಷಣದಿಂದ ತೆಗೆದ ರಸವನ್ನು ತಮಗೇ ಚುಚ್ಚಿಕೊಂಡುದಾಗಿಯೂ, ಈಗ ಪ್ರಯೋಗಾಲಯದಲ್ಲಿ ಗಂಟೆಗಟ್ಟಲೆ ನಿಂತು ದುಡಿಯಬಲ್ಲುದಾಗಿಯೂ, ಮೆಟ್ಟಿಲುಗಳನ್ನು ಓಡಿ ಹತ್ತಬಲ್ಲುದಾಗಿಯೂ ಅವರು ಸಾರಿದರು. ಐದು ವರ್ಷಗಳಲ್ಲಿ ಅವರು ತೀರಿಕೊಂಡರು. 2002ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಅವರದೇ ಕ್ರಮದಲ್ಲಿ ಆ ರಸವನ್ನು ತಯಾರಿಸಿ ಪರೀಕ್ಷಿಸಿದರು. ದೇಹದ ಮೇಲೆ ಪರಿಣಾಮ ಬೀರುವಷ್ಟು ಹಾರ್ಮೋನು ಅದರಲ್ಲಿ ಇರಲೇ ಇಲ್ಲ. ಹಾಗಿದ್ದರೆ ಆ ಮುದುಕರು ಸುಳ್ಳು ಹೇಳಿದರೆ? ಇಲ್ಲ. ಮೆಟ್ಟಿಲನ್ನು ನಿಜವಾಗಿಯೂ ಓಡಿ ಹತ್ತಿರಬೇಕು. ನಾನೂ ಪದಬಂಧವನ್ನು ನಿಜವಾಗಿಯೇ ಮುಗಿಸಿದ್ದೆ.

ಅದೇ ಪ್ಯಾರಿಸ್ಸಿನಲ್ಲಿ ಕೆಲವು ಕಾಲದ ಮೇಲೆ ಮೆಚ್ನಿಕಾಫ್ ಎಂಬ ಮಹಾವಿಜ್ಞಾನಿ, 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ಮುಪ್ಪಿನ ಮೂಲ ದೊಡ್ಡ ಕರುಳಿನ ಕೊಳೆತದಲ್ಲಿದೆಯೆಂದೂ ಹುಳಿ ಹಾಲು ಅದಕ್ಕೆ ಪರಿಹಾರವೆಂದೂ ವಾದಿಸಿದರು. ತಾವೂ ಅದನ್ನು ನಿಷ್ಠೆಯಿಂದ ಕುಡಿದು 71ನೆಯ ವಯಸ್ಸಿನಲ್ಲಿ ಕಾಲವಾದರು. ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮ ಮನೆತನಗಳಲ್ಲಿಯೂ ಮುಪ್ಪೇನೂ ನಿಂತಿಲ್ಲ. ನಮ್ಮ ದೇಶದಲ್ಲಿ 1938ರಲ್ಲಿ ಪಂಡಿತ ಮದನಮೋಹನ ಮಾಳವೀಯರು ಕುಟಿಯೊಂದರಲ್ಲಿದ್ದು ಕಾಯಕಲ್ಪ ಚಿಕಿತ್ಸೆ ಪಡೆದುದನ್ನು ಇಡೀ ಭಾರತ ಕುತೂಹಲದಿಂದ ಗಮನಿಸಿತ್ತು.

ಕಾಯಕಲ್ಪದ ಮೂಲ ಚರಕಸಂಹಿತೆಯ ರಸಾಯನ ಪ್ರಕರಣದಲ್ಲಿದೆ. ಅಲ್ಲಿ ಬುದ್ಧಿಗೆ ಬೇರೆಯಾಗಿಯೇ ನಾಲ್ಕು ಮೇಧ್ಯ ರಸಾಯನಗಳನ್ನು ಹೇಳಿದೆ: ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿ. ಮಂಡೂಕಪರ್ಣಿ ಎಂದರೆ ನಮ್ಮ ಒಂದೆಲಗ. ಇದನ್ನೂ ಬ್ರಾಹ್ಮಿಯೆನ್ನುತ್ತಾರೆ, ನೀರುಬ್ರಾಹ್ಮಿಯೆಂಬ ಬೇರೊಂದು ಗಿಡವನ್ನೂ ಬ್ರಾಹ್ಮಿಯೆನ್ನುತ್ತಾರೆ. ಸೀಸೆಯ ಮೇಲೆ ಬ್ರಾಹ್ಮಿ ಎಂದಷ್ಟೇ ಬರೆದಿದ್ದರೆ ಒಳಗಿರುವುದು ಯಾವುದು? ಪದಗಳ ವಿಷಯದಲ್ಲಿ ಹಠಮಾರಿಯಾದ ನನಗೆ ಇದು ದೊಡ್ಡ ತಕರಾರು. ಒಂದೆಲಗದ ತಂಬುಳಿಯನ್ನು ನಾನು ಈಗಲೂ ಉಣ್ಣುತ್ತೇನೆ, ರುಚಿಗಾಗಿ. ಆದರೆ ಅದೇ ಪ್ರಕರಣದಲ್ಲಿ ಆಚಾರ ರಸಾಯನವೆಂಬ ಇನ್ನೊಂದಿದೆ. ಅಲ್ಲಿ ಮೂಲಿಕೆಗಳೇ ಮುಖ್ಯವಲ್ಲ. ಸತ್ಯ ನುಡಿಯುವುದು, ಸಿಟ್ಟಿಗೇಳದಿರುವುದು, ಮದ್ಯ ಬಿಡುವುದು, ನಿದ್ದೆ ಎಚ್ಚರಗಳನ್ನು ಹದದಲ್ಲಿಡುವುದು, ಹೀಗೆ ನಡೆಯುವವನು ಸದಾ ರಸಾಯನ ಸೇವಿಸುವವನೇ ಎನ್ನುತ್ತದೆ ಗ್ರಂಥ. ಈ ಭಾಗವನ್ನು ಸೀಸೆಯಲ್ಲಿ ತುಂಬಲು ಬಾರದ್ದರಿಂದಲೋ ಏನೋ, ಮಾರಾಟಗಾರರು ಇದರ ಗೊಡವೆಗೆ ಹೋಗಿಲ್ಲ.

ಇನ್ನು ಇಂದಿನ ವಿಜ್ಞಾನಕ್ಕೆ ಬರೋಣ. ಶಾಂತಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ರಾಪಮೈಸಿನ್ ಎಂಬ ಔಷಧ ಬಂದಿದೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಔಷಧ ಅದು. ಅದನ್ನು 600 ದಿನ ವಯಸ್ಸಾದ, ಎಂದರೆ ಮುಪ್ಪಿನಂಚಿನ ಇಲಿಗಳಿಗೆ ಕೊಟ್ಟಾಗ ಅವುಗಳ ಆಯುಸ್ಸು ಹೆಚ್ಚಿತೆಂದು 2009ರಲ್ಲಿ ಪ್ರಕಟವಾಯಿತು. ಇದು ನಿಜವಾದ ಸಂಗತಿ, ಜಾಹೀರಾತಲ್ಲ. ಆದರೆ ಇಲಿಗೆ ಹೆಚ್ಚಿದ ಆಯುಸ್ಸು ಮನುಷ್ಯನಿಗೂ ಹೆಚ್ಚುತ್ತದೆಯೆಂಬುದು ಸಿದ್ಧವಾಗಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದನ್ನು ಆರೋಗ್ಯವಂತರಾದ ವೃದ್ಧರು ತಾವಾಗಿ ನುಂಗುವುದು ಸಾಹಸ. ಗಿಂಕೋ ಎಂಬ ಮರದ ಎಲೆಯ ಸಾರವನ್ನು ಮೂರು ಸಾವಿರಕ್ಕೂ ಹೆಚ್ಚು ಮಂದಿ ಅಮೆರಿಕದ ವೃದ್ಧರಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. ಮರೆವಿನ ರೋಗವನ್ನು ಅದು ತಡೆಯಲಿಲ್ಲವೆಂದು 2008ರಲ್ಲಿ ತಿಳಿಯಿತು. ಅಲ್ಜೈಮರ್ ರೋಗಕ್ಕೆ ಕೊಡುವ ಡೊನೆಪೆಜಿಲ್ ಮೊದಲಾದ ಮಾತ್ರೆಗಳು ಮಿದುಳಿನಲ್ಲಿ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಬೇಗ ನಾಶವಾಗದಂತೆ ನೋಡಿಕೊಳ್ಳುತ್ತವೆ. ಲಕ್ಷಣಗಳನ್ನು ಸ್ವಲ್ಪ ಕಾಲ ಹಗುರಗೊಳಿಸುತ್ತವೆ, ಅಷ್ಟೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಸಮ್ಮತಿ ಪಡೆದ ಲೆಕನೆಮ್ಯಾಬ್, ರೋಗದ ಆರಂಭದಲ್ಲಿದ್ದವರಲ್ಲಿ ಹದಿನೆಂಟು ತಿಂಗಳಲ್ಲಿ ಕುಸಿತದ ವೇಗವನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ಕೆಲವರಲ್ಲಿ ಮಿದುಳು ಬಾತು ರಕ್ತ ಒಸರಿದ್ದೂ ಉಂಟು. ಕಳೆದುಹೋದುದನ್ನು ಮರಳಿ ತರುವ ಮದ್ದು ಯಾವುದೂ ಇಲ್ಲ.

ಯಯಾತಿಗೆ ಬೇಕಾಗಿದ್ದುದು ತಾರುಣ್ಯ; ನನಗೆ ಬೇಕಾಗಿದ್ದುದು ಅರಿಕೇಸರಿಯ ಹೆಸರು. ಕೊನೆಗೆ ನಾಚಿಕೆ ಬಿಟ್ಟು ನಮ್ಮ ಬಡಾವಣೆಯ ಡಾಕ್ಟರ ಬಳಿಗೆ ಹೋದೆ. ಆ ಹೆಣ್ಣುಮಗಳು ನನ್ನ ಮಗಳಿಗಿಂತ ಚಿಕ್ಕವಳು. ಮೊದಲು ಕೇಳಿದ್ದು: "ಯಾವ ಯಾವ ಮಾತ್ರೆ ತಗೋತೀರಿ, ಸಾರ್? ಎಲ್ಲವನ್ನೂ ತಂದು ತೋರಿಸಿ." ಚೀಲದಲ್ಲಿ ತುಂಬಿಕೊಂಡು ಹೋದೆ. ಮಧುಮೇಹಕ್ಕೆಂದು ಹನ್ನೆರಡು ವರ್ಷಗಳಿಂದ ನುಂಗುತ್ತಿದ್ದ ಮೆಟ್‌ಫಾರ್ಮಿನ್ ಇತ್ತು. ನೆಗಡಿಗೆಂದು ತಂದು, ನಿದ್ದೆ ಚೆನ್ನಾಗಿ ಬರುತ್ತದೆಂದು ರೂಢಿ ಮಾಡಿಕೊಂಡಿದ್ದ ಹಳೆಯ ಬಗೆಯ ಒಂದು ಮಾತ್ರೆಯಿತ್ತು. ಎರಡನೆಯದನ್ನು ಆಕೆ ಎತ್ತಿ ಬೇರೆ ಇಟ್ಟಳು. ನಾನು ಮೇಲೆ ಹೇಳಿದ ಅಸಿಟೈಲ್‌ಕೋಲಿನ್ನಿನ ಕೆಲಸಕ್ಕೆ ಅಡ್ಡಿ ಬರುವ ಜಾತಿಯದಂತೆ ಅದು. ಹಗಲು ನೆನಪಿನ ಮಾತ್ರೆ, ರಾತ್ರಿ ಮರೆವಿನ ಮಾತ್ರೆ, ಎರಡಕ್ಕೂ ನನ್ನದೇ ನಿವೃತ್ತಿವೇತನ!

ರಕ್ತ ಪರೀಕ್ಷೆಯಲ್ಲಿ ಬಿ 12 ಜೀವಸತ್ವ ತೀರ ಕಡಿಮೆಯೆಂದು ಬಂತು. ಈ ಜೀವಸತ್ವ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲುಗಳಿಂದ. ಸೊಪ್ಪು ತರಕಾರಿಗಳಿಂದ ಸಿಗುವುದಿಲ್ಲ. ಸಸ್ಯಾಹಾರಿಯಾದ ನಾನು ಲೋಟದ ಹಾಲನ್ನೂ ಬಿಟ್ಟಿದ್ದೆ. ಅದರ ಮೇಲೆ, ಮೆಟ್‌ಫಾರ್ಮಿನ್ನನ್ನು ಬಹುಕಾಲ ತೆಗೆದುಕೊಂಡರೆ ಬಿ 12 ಮೈಗೆ ಹತ್ತುವುದು ತಗ್ಗುತ್ತದೆ. ಕೊರತೆ ಹೆಚ್ಚಿದರೆ ನರಗಳೂ ನೆನಪೂ ಸೊರಗುತ್ತವೆ. ಬೇಗ ಕಂಡುಕೊಂಡರೆ ಬಹುಮಟ್ಟಿಗೆ ಸರಿಹೋಗುತ್ತದೆ. ಥೈರಾಯ್ಡ್ ಗ್ರಂಥಿ ಮಂದವಾದಾಗಲೂ, ಮನಸ್ಸು ಖಿನ್ನತೆಯಲ್ಲಿ ಮುಳುಗಿದಾಗಲೂ ಇಂಥದೇ ಮರೆವು ಬರುವುದುಂಟಂತೆ. ತಮಾಷೆಯೆಂದರೆ, ಇದೇ ಮೆಟ್‌ಫಾರ್ಮಿನ್ ಮುಪ್ಪನ್ನು ತಡೆಯಬಹುದೆಂಬ ಆಸೆಯಿಂದ ಮಧುಮೇಹವಿಲ್ಲದವರೂ ಅದನ್ನು ನುಂಗುವ ಹವ್ಯಾಸ ಹೊರದೇಶಗಳಲ್ಲಿ ಹುಟ್ಟಿಕೊಂಡಿದೆ. ಮಧುಮೇಹಿಗಳು ನನ್ನ ಮಾತು ಕೇಳಿ ಅದನ್ನು ಬಿಟ್ಟೀರಿ, ಜೋಕೆ, ನಾನೂ ಬಿಟ್ಟಿಲ್ಲ. ಬಿ 12 ಪರೀಕ್ಷೆ ಮಾಡಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಓದುಬರಹವಿದ್ದರೆ ಮರೆವು ಹತ್ತಿರ ಸುಳಿಯದೆಂದು ನಮ್ಮಂಥವರಲ್ಲಿ ಒಂದು ನಂಬಿಕೆಯಿದೆ. 97ರ ವಯಸ್ಸಿನಲ್ಲಿ, 2011ರಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, 107 ವರ್ಷ ಬಾಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರನ್ನು ಎಲ್ಲರೂ ಎತ್ತಿ ತೋರಿಸುತ್ತಾರೆ. ನನ್ನ ಗುರುಗಳೂ ಹಗಲಿರುಳು ಓದಿದವರೇ. ಅವರ ವಿಷಯಕ್ಕೆ ಏನು ಹೇಳೋಣ? ಇದಕ್ಕೆ ಸ್ವಲ್ಪ ಸಮಾಧಾನ ನನಗೆ ಸಿಕ್ಕಿದ್ದು ಹೈದರಾಬಾದಿನ ಒಂದು ಅಧ್ಯಯನದಲ್ಲಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾಕ್ಟರ್ ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ 648 ಮಂದಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ್ದು ಅದು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಮರೆವಿನ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಆದ್ದರಿಂದ ಇದು ಶಾಲೆಯ ಫಲವೆನ್ನುವಂತಿಲ್ಲ. ತುಳು, ಕನ್ನಡ, ಕೊಂಕಣಿ, ಬ್ಯಾರಿಗಳಲ್ಲಿ ಚೌಕಾಸಿ ಮಾಡುವ ಮಂಗಳೂರಿನ ಮೀನು ಮಾರುವಾಕೆ ಈ ಲೆಕ್ಕದಲ್ಲಿ ನನಗಿಂತ ಒಂದು ಕೈ ಮೇಲು. ಬೇರೆಡೆಯ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುತ್ತಿಲ್ಲವೆಂಬುದನ್ನೂ ಹೇಳಿಬಿಡಬೇಕು. ಇಲ್ಲಿಯೂ ರೋಗ ಬರುವುದಿಲ್ಲವೆಂದಲ್ಲ, ತಡವಾಗಿ ಬರುತ್ತದೆ ಎಂದು. ನನ್ನ ಗುರುಗಳಿಗೆ ಸಂಸ್ಕೃತ, ತಮಿಳು, ತೆಲುಗು ಬರುತ್ತಿದ್ದವು. ರೋಗ ತೋರಿದ್ದು ಎಂಬತ್ತೊಂದರಲ್ಲಿ. ಆ ಭಾಷೆಗಳು ಇಲ್ಲದಿದ್ದರೆ ಎಪ್ಪತ್ತಾರರಲ್ಲೇ ತೋರುತ್ತಿತ್ತೋ ಏನೋ. ಆ ನಡುವಿನ ವರ್ಷಗಳಲ್ಲಿಯೇ ಅವರು ನನಗೆ ತಮ್ಮ ಕೊನೆಯ ಪಾಠಗಳನ್ನು ಹೇಳಿದ್ದು.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದ್ದಳು: "ಕಿವಿ ಹೇಗಿದೆ?" ಚೆನ್ನಾಗಿದೆ ಎಂದೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ ನಕ್ಕಳು. ಪರೀಕ್ಷೆ ಮಾಡಿಸಿದರೆ ಎರಡು ಕಿವಿಗಳೂ ಮಂದ. ಹೇಳಿದ್ದನ್ನು ಮರೆತೆನೆಂದು ಮನೆಯಲ್ಲಿ ಬಂದಿದ್ದ ದೂರುಗಳಲ್ಲಿ ಅರ್ಧದಷ್ಟು, ನಾನು ಕೇಳಿಸಿಕೊಳ್ಳದೆಯೇ ಇದ್ದ ಮಾತುಗಳು. ಮರೆವಿನ ರೋಗಕ್ಕೆ ದಾರಿ ಮಾಡುವ, ಆದರೆ ನಾವು ತಿದ್ದಿಕೊಳ್ಳಬಹುದಾದ ಹದಿನಾಲ್ಕು ಕಾರಣಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ರಕ್ತದೊತ್ತಡ, ಮಧುಮೇಹ, ಹೊಗೆಸೊಪ್ಪು, ಒಂಟಿತನಗಳ ಜೊತೆಗೆ ಕಿವುಡೂ ಅದರಲ್ಲಿದೆ. ಕನ್ನಡಕ ಹಾಕಿಕೊಂಡರೆ ವಿದ್ವಾಂಸನೆನ್ನುವ ಜನ, ಕಿವಿಗೆ ಯಂತ್ರ ಹಾಕಿಕೊಂಡರೆ ಮುದುಕನೆನ್ನುತ್ತಾರೆ. ಆರು ತಿಂಗಳು ಹಿಂದೇಟು ಹಾಕಿ ಕೊನೆಗೆ ಹಾಕಿಸಿಕೊಂಡೆ. ಮೊದಲ ದಿನ ಒಗ್ಗರಣೆಯ ಚಟಪಟ ಸದ್ದು ಸಿಡಿಲಿನಂತೆ ಕೇಳಿ ಬೆಚ್ಚಿಬಿದ್ದೆ.

ಅರಿಕೇಸರಿಯ ಹೆಸರು ಈಗ ಕರೆದಾಗ ಬರುತ್ತದೆ. ಎಲ್ಲ ಹೆಸರುಗಳೂ ಬರುತ್ತವೆಂದು ಹೇಳಲಾರೆ. ಮೊನ್ನೆ ಪಕ್ಕದ ಮನೆಯವರ ಮೊಮ್ಮಗನ ಹೆಸರನ್ನು ಒಂದೇ ಸಂಜೆ ಎರಡು ಸಲ ಕೇಳಿದೆನಂತೆ. ಡಾಕ್ಟರು ಹೇಳಿದಂತೆ ಅದನ್ನೂ ದಿನಾಂಕ ಹಾಕಿ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಬರುವ ತಿಂಗಳ ಮೊದಲ ವಾರ ಬಿ 12 ಚುಚ್ಚುಮದ್ದಿಗೆ ಹೋಗಬೇಕು, ಆಗ ತೋರಿಸುತ್ತೇನೆ.